ಹಾಕೋದಕ್ಕಿಂತ ಮೊದಲು ತೆಗೆಯೋದು ಕಲೀರಿ: ಕಾಂಟ್ಯಾಕ್ಟ್ ಲೆನ್ಸ್ ಪಾಠ

ಮೊದಲ ವರ್ಷ ಮುಗಿಯೋ ಹೊತ್ತಿಗೆ ನಮ್ಮ ಹಾಸ್ಟೆಲ್‌ನಲ್ಲಿ ಕನ್ನಡಕದವರು ಕಡಿಮೆ ಆದಂತೆ ಕಾಣುತ್ತದೆ. ಯಾರ ಕಣ್ಣೂ ಸರಿಹೋಗಿರೋದಿಲ್ಲ, ಲೆನ್ಸ್ ಬಂದಿರುತ್ತದೆ, ಅಷ್ಟೇ. ಒಬ್ಬರಿಗೆ ಕ್ರಿಕೆಟ್ ಆಡುವಾಗ ಕನ್ನಡಕ ಜಾರುತ್ತೆ, ಒಬ್ಬರಿಗೆ ಕಾಲೇಜ್ ಫೆಸ್ಟ್‌ನ ಡ್ಯಾನ್ಸ್ ಇದೆ, ಇನ್ನೊಬ್ಬರಿಗೆ ಅಕ್ಕನ ಮದುವೆ ಫೋಟೋ. ಕಾರಣ ಯಾವುದಾದರೂ ಇರಲಿ, ತಪ್ಪೇನೂ ಇಲ್ಲ. ಸರಿಯಾಗಿ ಬಳಸಿದರೆ ಲೆನ್ಸ್ ಒಳ್ಳೆಯ ವಸ್ತು.

ಆದರೆ ಲೆನ್ಸ್ ಕೈಗೆ ಬರುವ ರೀತಿ ನೋಡಿ. ಅಂಗಡಿಯಲ್ಲಿ ಹತ್ತು ನಿಮಿಷ ಹಾಕೋದು ತೋರಿಸ್ತಾರೆ, ಒಂದು ಡಬ್ಬಿ, ಒಂದು ಬಾಟಲಿ ಕೊಟ್ಟು ಕಳಿಸ್ತಾರೆ. ಉಳಿದ ಪಾಠವೆಲ್ಲ ವಿಡಿಯೋದಲ್ಲಿ, ಇಲ್ಲವೇ ರೂಮ್‌ಮೇಟ್ ಹತ್ತಿರ. ಹೀಗಾಗಿ ಹಾಕೋದು ಎಲ್ಲರಿಗೂ ಬರುತ್ತೆ, ತೆಗೆಯೋದು ಅರ್ಧ ಮಂದಿಗೆ ಅರ್ಧಂಬರ್ಧ ಬರುತ್ತೆ. ಅಭಿಮನ್ಯುವಿನ ಕಥೆ ಎಲ್ಲರಿಗೂ ಗೊತ್ತು. ಚಕ್ರವ್ಯೂಹದ ಒಳಗೆ ಹೋಗೋದು ಗೊತ್ತಿತ್ತು, ಹೊರಗೆ ಬರೋದು ಗೊತ್ತಿರಲಿಲ್ಲ. ಈ ಪಾಠದಲ್ಲಿ ನಾವು ಹೇಳಬೇಕಾದ್ದು ಒಂದೇ ಮಾತು: ಲೆನ್ಸ್ ತೆಗೆಯಲು ಬರುವವರೇ ಲೆನ್ಸ್ ಹಾಕಬೇಕು. ತೆಗೆಯೋದು ಅಂದರೆ ಬೆರಳಿನ ಕೆಲಸ ಮಾತ್ರ ಅಲ್ಲ, ಸರಿಯಾದ ಹೊತ್ತಿಗೆ ತೆಗೆಯೋದೂ ಸೇರಿದೆ.

ಮೊದಲು ಕಾರ್ನಿಯಾ ಗೊತ್ತಿರಲಿ

ಲೆನ್ಸ್ ಕೂರುವುದು ಕಾರ್ನಿಯಾ ಮೇಲೆ. ಕಣ್ಣಿನ ಮುಂದಿರುವ ಗಾಜಿನಂಥ ಪೊರೆ ಅದು, ನಡುವಿನಲ್ಲಿ ಸುಮಾರು ಅರ್ಧ ಮಿ.ಮೀ. ದಪ್ಪ. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ದೊಡ್ಡ ಪಾಲು ಇದರದ್ದೇ. ಇಡೀ ಕಣ್ಣಿನ ಶಕ್ತಿ ಸುಮಾರು 60 ಡಯಾಪ್ಟರ್ ಅಂತ ಇಟ್ಟುಕೊಂಡರೆ, ಅದರಲ್ಲಿ ಸುಮಾರು 43 ಕಾರ್ನಿಯಾದ್ದು.

ಇಷ್ಟು ಸ್ವಚ್ಛವಾಗಿ ಬೆಳಕು ಹಾಯಬೇಕಾದರೆ ದಾರಿಯಲ್ಲಿ ರಕ್ತನಾಳ ಇರಬಾರದು. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಹಾಗಾದರೆ ಅದಕ್ಕೆ ಆಮ್ಲಜನಕ ಎಲ್ಲಿಂದ? ಹೊರಗಿನ ಗಾಳಿಯಿಂದ, ಕಣ್ಣೀರಿನ ತೆಳು ಪದರದ ಮೂಲಕ. ಆಹಾರದ ಬಹುಪಾಲು ಹಿಂಬದಿಯ ದ್ರವದಿಂದ.

ನಾವು ಹುನಗುಂದ ತಾಲೂಕಿನ ಮರೋಳದ ಕಡೆಯವರು. ನಮಗೆ ಇದು ಬೇಗ ಅರ್ಥವಾಯಿತು, ಯಾಕಂದ್ರೆ ನಮ್ಮೂರಿನ ಹೆಸರು ಹೊರಗಿನವರಿಗೆ ಗೊತ್ತಿರೋದೇ ಹನಿ ನೀರಾವರಿಯಿಂದ. ರಾಮಥಾಳ–ಮರೋಳ ಯೋಜನೆಯಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲಕ್ಕೆತ್ತಿ, ಸೋಸಿ, ಪೈಪಿನಲ್ಲಿ ಕಳಿಸಿ, ಸುಮಾರು 24 ಸಾವಿರ ಹೆಕ್ಟೇರ್ ಎರೆಹೊಲಕ್ಕೆ ಹನಿ ಹನಿಯಾಗಿ ಕೊಡುವ ಉದ್ದೇಶ. ಅಲ್ಲಿ ಹೊಲದ ತುಂಬ ಕಾಲುವೆ ಹರಿಯೋದಿಲ್ಲ, ಬೇರಿಗೆ ಬೇಕಾದಷ್ಟೇ ಹನಿ. ಕಾರ್ನಿಯಾದ ವ್ಯವಸ್ಥೆಯೂ ಹಂಗೇ. ರಕ್ತದ ಕಾಲುವೆ ಇಲ್ಲ, ಕಣ್ಣೀರಿನ ಹನಿ ಇದೆ, ರೆಪ್ಪೆ ಬಡಿದಾಗಲೆಲ್ಲ ಹೊಸ ಹನಿ ಹರಡುತ್ತದೆ. ಹನಿ ನೀರಾವರಿ ಕಂಡವರಿಗೆ ಇನ್ನೊಂದು ವಿಷಯವೂ ಗೊತ್ತು: ಸೋಸುವ ಫಿಲ್ಟರ್ ಹೊಲಸಾದರೆ ಹನಿ ಬೀಳುವ ತೂತು ಕಟ್ಟಿಕೊಳ್ಳುತ್ತದೆ. ಮೇಲಿನಿಂದ ಎಷ್ಟು ನೀರು ಬಿಟ್ಟರೂ ಬೆಳೆ ಒಣಗುತ್ತದೆ.

ಲೆನ್ಸ್ ಹಾಕೋದು ಅಂದರೆ ಈ ವ್ಯವಸ್ಥೆಯ ಮೇಲೆ ಒಂದು ಹಾಳೆ ಹೊದಿಸಿದ ಹಾಗೆ. ಹಾಳೆ ತೆಳ್ಳಗಿದ್ದು, ಸ್ವಚ್ಛವಾಗಿದ್ದು, ದಿನದ ಕೆಲವು ಗಂಟೆ ಮಾತ್ರ ಇದ್ದರೆ ಕಾರ್ನಿಯಾ ಸಹಿಸುತ್ತದೆ. ನಿದ್ದೆ ಮಾಡಿದಾಗ ರೆಪ್ಪೆಯೇ ಬಾಗಿಲು ಮುಚ್ಚುತ್ತದೆ, ಕಾರ್ನಿಯಾಕ್ಕೆ ಸಿಗುವ ಆಮ್ಲಜನಕ ಹಗಲಿನ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ ಲೆನ್ಸೂ ಇದ್ದರೆ? ಲೆನ್ಸ್ ಹಾಕಿಕೊಂಡೇ ಮಲಗುವವರಿಗೆ ಕಣ್ಣಿನ ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಹೆಚ್ಚು ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಚ್ಚರಿಸುತ್ತದೆ.

ಎಲ್ಲರೂ ಕೇಳುವ ಒಂದು ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡೋಣ. ಲೆನ್ಸ್ ಜಾರಿ ಕಣ್ಣುಗುಡ್ಡೆಯ ಹಿಂದಕ್ಕೆ, ತಲೆಯೊಳಗೆ ಹೋಗುತ್ತಾ? ಹೋಗೋದಿಲ್ಲ. ರೆಪ್ಪೆಯ ಒಳಪೊರೆಯೇ ಮಡಚಿಕೊಂಡು ಕಣ್ಣಿನ ಬಿಳಿ ಭಾಗದ ಮೇಲೆ ಹರಡಿರುತ್ತದೆ. ಅದು ಹೊಲಿದ ಜೇಬಿನ ಹಾಗೆ, ಹಿಂದೆ ದಾರಿ ಇಲ್ಲ. ಲೆನ್ಸ್ ಮೇಲಿನ ರೆಪ್ಪೆಯ ಕೆಳಗೆ ಮಡಚಿ ಕೂತಿರಬಹುದು, ಹುಡುಕಿದರೆ ಸಿಗುತ್ತದೆ.

ಆಟಿಕೆಯಿಂದ ಹುಟ್ಟಿದ ಲೆನ್ಸ್

ನಾವು ಎಂಜಿನಿಯರಿಂಗ್‌ನವರು, ಆದ್ದರಿಂದ ಇಷ್ಟು ಇತಿಹಾಸ. 1888ರಲ್ಲಿ ಅಡಾಲ್ಫ್ ಫಿಕ್ ಎಂಬ ವೈದ್ಯರು ಗಾಜಿನ ಲೆನ್ಸ್ ಬಗ್ಗೆ ಬರೆದರು. ಅದು ಕಣ್ಣಿನ ಬಿಳಿ ಭಾಗದವರೆಗೂ ಚಾಚುವ ದೊಡ್ಡ ಗಾಜು, ಹೆಚ್ಚು ಹೊತ್ತು ಹಾಕಿಕೊಳ್ಳೋಕೆ ಆಗ್ತಿರಲಿಲ್ಲ. ಇವತ್ತು ನಾವು ಹಾಕುವ ಮೆತ್ತನೆಯ ಲೆನ್ಸ್ ಬಂದದ್ದು ಜೆಕ್ ರಸಾಯನಶಾಸ್ತ್ರಜ್ಞ ಒಟ್ಟೋ ವಿಕ್ಟರ್ಲೆ ಅವರಿಂದ. 1961ರ ಕ್ರಿಸ್‌ಮಸ್ ಹೊತ್ತಿಗೆ ಅವರು ಮನೆಯಲ್ಲೇ, ಮಕ್ಕಳ ಮೆರ್ಕುರ್ ಎಂಬ ಜೋಡಣೆ ಆಟಿಕೆ ಮತ್ತು ಸೈಕಲ್ ಡೈನಮೋ ಬಳಸಿ ತಿರುಗುವ ಯಂತ್ರ ಮಾಡಿ, ಅಚ್ಚಿನಲ್ಲಿ ದ್ರವ ಸುತ್ತಿಸಿ ಮೊದಲ ಲೆನ್ಸುಗಳನ್ನು ತೆಗೆದರು. ಲ್ಯಾಬ್ ಸರಿಯಿಲ್ಲ ಅಂತ ಪ್ರಾಜೆಕ್ಟ್ ಬಿಡುವ ನಾವು ಇದನ್ನು ನೆನಪಿಡಬೇಕು.

ಆ ಲೆನ್ಸ್‌ನ ವಸ್ತು ಹೈಡ್ರೋಜೆಲ್, ಅಂದರೆ ನೀರು ಹೀರಿ ಮೆತ್ತಗಾಗುವ ಪ್ಲಾಸ್ಟಿಕ್. ಈಗಿನ ಹಲವು ಲೆನ್ಸ್‌ಗಳಲ್ಲಿ ಸಿಲಿಕೋನ್ ಸೇರಿರುತ್ತದೆ, ಆಮ್ಲಜನಕ ಹೆಚ್ಚು ಹಾಯುತ್ತದೆ. ನೀರು ಹೀರುವ ವಸ್ತು ಅನ್ನೋದನ್ನು ಮರೀಬೇಡಿ, ಮುಂದೆ ಬೇಕಾಗುತ್ತೆ. ಅದು ನೀರಿನ ಜೊತೆಗೆ ನಿಮ್ಮ ಬೆರಳಿನ ಖಾರ, ಸೆಂಟು, ಕ್ರೀಮು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ.

ಕನ್ನಡಕದ ನಂಬರ್ ಬೇರೆ, ಲೆನ್ಸ್ ನಂಬರ್ ಬೇರೆ

ಕನ್ನಡಕದ ಚೀಟಿ ತೋರಿಸಿ ಅದೇ ನಂಬರಿನ ಲೆನ್ಸ್ ತರುವವರಿದ್ದಾರೆ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಇರುತ್ತದೆ. ದೂರ ಬದಲಾದರೆ ಬೇಕಾಗುವ ಪವರ್ ಬದಲಾಗುತ್ತದೆ. ಕನ್ನಡಕದ ಪವರನ್ನು, ಒಂದರಿಂದ ದೂರ ಗುಣಿಸು ಪವರ್ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. ದೂರ ಮೀಟರ್‌ನಲ್ಲಿರಲಿ. ಮೈನಸ್ 6 ಇದ್ದವರಿಗೆ ಭಾಗಿಸುವ ಸಂಖ್ಯೆ 1.072, ಉತ್ತರ ಸುಮಾರು ಮೈನಸ್ 5.6. ಲೆನ್ಸ್ ಸಿಗೋದು ಕಾಲು ಕಾಲು ಹೆಜ್ಜೆಯಲ್ಲಿ, ಹಾಗಾಗಿ ಮೈನಸ್ 5.5. ಮೈನಸ್ 2 ಇದ್ದವರಿಗೆ ಲೆಕ್ಕ ಮಾಡಿದರೂ ಮೈನಸ್ 2ರ ಹತ್ತಿರವೇ ಬರುತ್ತದೆ. ಮೈನಸ್ 4ರಿಂದ ಮೇಲೆ ವ್ಯತ್ಯಾಸ ಎದ್ದು ಕಾಣುತ್ತದೆ.

ಪವರ್ ಒಂದೇ ಸಾಲದು. ಲೆನ್ಸ್‌ನ ಬಾಗು ಮತ್ತು ಅಗಲ ನಿಮ್ಮ ಕಣ್ಣಿಗೆ ಹೊಂದಬೇಕು. ಬಾಗು ಸಾಮಾನ್ಯವಾಗಿ 8.4ರಿಂದ 8.8 ಮಿ.ಮೀ., ಅಗಲ 14 ಮಿ.ಮೀ. ಆಸುಪಾಸು. ಬಿಗಿಯಾದರೆ ಕಣ್ಣಿಗೆ ಅಂಟುತ್ತದೆ, ಸಡಿಲಾದರೆ ರೆಪ್ಪೆ ಬಡಿದಾಗಲೆಲ್ಲ ಜಾರುತ್ತದೆ. ಸಿಲಿಂಡರ್ ನಂಬರ್ ಇದ್ದವರಿಗೆ ಟೋರಿಕ್ ಅನ್ನುವ ಬೇರೆ ಲೆನ್ಸೇ ಬೇಕಾಗಬಹುದು. ಆದ್ದರಿಂದ ಮೊದಲ ಸಲ ಕಣ್ಣಿನ ಡಾಕ್ಟರ್ ಅಥವಾ ಆಪ್ಟೋಮೆಟ್ರಿಸ್ಟ್ ನೋಡಿಯೇ ಲೆನ್ಸ್ ಕೊಡಬೇಕು. ಅವರ ಮುಂದೆ ಎರಡೂ ಕಣ್ಣಿನ ಲೆನ್ಸ್ ಹಾಕಿ, ಎರಡನ್ನೂ ನೀವೇ ತೆಗೆದು ತೋರಿಸಿ. ತೆಗೆಯೋಕೆ ಬರಲಿಲ್ಲ ಅಂದ್ರೆ ಅವತ್ತು ಲೆನ್ಸ್ ಮನೆಗೆ ತರಬೇಡಿ. ಇನ್ನೊಂದು ದಿನ ಹೋಗಿ ಕಲಿತರೆ ಮರ್ಯಾದೆ ಏನೂ ಹೋಗೋದಿಲ್ಲ.

ಕೈ ತೊಳೆಯೋದು, ಖಾರದ ಊರಿನ ರೀತಿ

ಉಗುರು ಚಿಕ್ಕದಾಗಿರಲಿ. ಸಾದಾ ಸೋಪಿನಿಂದ ಕೈ ತೊಳೆದು, ಎಳೆ ಬಿಡದ ಸ್ವಚ್ಛ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಹೊಸ ಟರ್ಕಿ ಟವೆಲ್ ಬೇಡ, ಅದರ ಎಳೆ ಬೆರಳಿಗೆ, ಬೆರಳಿನಿಂದ ಕಣ್ಣಿಗೆ ಹೋಗುತ್ತದೆ. ಬೆರಳು ಒಣಗಿರಲೇಬೇಕು. ಒದ್ದೆ ಬೆರಳಿಗೆ ಲೆನ್ಸ್ ಅಂಟಿಕೊಂಡು ಕಣ್ಣಿಗೆ ಹೋಗೋಕೆ ಒಪ್ಪೋದಿಲ್ಲ.

ಇದು ಎಲ್ಲ ಡಬ್ಬಿಯ ಮೇಲೂ ಬರೆದಿರುತ್ತದೆ. ಬರೆಯದೇ ಇರುವುದು ಖಾರದ ವಿಷಯ. ರೊಟ್ಟಿ, ಕೆಂಪು ಖಾರ, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ ಕೈಯಲ್ಲೇ ತಿನ್ನುವವರು ನಾವು. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗೋದು ಕಷ್ಟ, ಎಣ್ಣೆಯಲ್ಲಿ ಕರಗುತ್ತದೆ. ಬರೇ ನೀರಲ್ಲಿ ಕೈ ತೊಳೆದರೆ ಉಗುರಿನ ಸಂದಿಯಲ್ಲಿ ಉಳಿದಿರುತ್ತದೆ. ಆ ಬೆರಳಲ್ಲಿ ಲೆನ್ಸ್ ಮುಟ್ಟಿದರೆ ಲೆನ್ಸೂ ಖಾರ ಹಿಡಿಯುತ್ತದೆ, ಬೆಳಿಗ್ಗೆ ಮತ್ತೆ ಉರಿ. ಇದಕ್ಕೆ ಸುಲಭದ ದಾರಿ ಸಮಯ ಬದಲಿಸೋದು: ಬೆಳಿಗ್ಗೆ ತಿಂಡಿಗೆ ಮೊದಲು ಹಾಕಿ, ರಾತ್ರಿ ಊಟಕ್ಕೆ ಮೆಸ್‌ಗೆ ಹೋಗುವ ಮೊದಲೇ ತೆಗೆಯಿರಿ. ಹೀಗೆ ಮಾಡಿದರೆ ರಾತ್ರಿ ಮರೆತು ಮಲಗುವ ಅಪಾಯವೂ ತಪ್ಪುತ್ತದೆ. ಊಟದ ಮೇಲೇ ತೆಗೆಯಬೇಕಾಗಿ ಬಂದರೆ ಸೋಪು ಹಚ್ಚಿ ಎರಡು ಮೂರು ಸಲ, ಉಗುರಿನ ಸಂದಿ ಸೇರಿಸಿ ತೊಳೆಯಿರಿ.

ಹಾಕುವ ಕ್ರಮ

1. ಮೇಜಿನ ಮುಂದೆ ಕೂತುಕೊಳ್ಳಿ, ಸ್ವಚ್ಛ ಬಟ್ಟೆ ಹಾಸಿ, ಕನ್ನಡಿ ಇಡಿ. ಹಾಸ್ಟೆಲ್ ವಾಶ್‌ಬೇಸಿನ್ ಮೇಲೆ ಬೇಡ, ಲೆನ್ಸ್ ಬಿದ್ದರೆ ಪೈಪಿನೊಳಗೆ ಹೋಯ್ತು ಅಂತಲೇ ತಿಳೀರಿ.

2. ಯಾವಾಗಲೂ ಒಂದೇ ಕಣ್ಣಿನಿಂದ ಶುರು ಮಾಡಿ. ಬಲದಿಂದ ಅಂದರೆ ಬಲದಿಂದಲೇ. ಎಡಬಲದ ಪವರ್ ಅದಲು ಬದಲಾಗೋದಿಲ್ಲ.

3. ಲೆನ್ಸನ್ನು ತೋರುಬೆರಳಿನ ತುದಿಯಲ್ಲಿಟ್ಟು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಬಟ್ಟಲಿನ ಹಾಗೆ ಅಂಚು ನೇರ ಮೇಲೆದ್ದಿದ್ದರೆ ಸರಿ. ತಾಟಿನ ಹಾಗೆ ಅಂಚು ಹೊರಕ್ಕೆ ಬಾಗಿದ್ದರೆ ಉಲ್ಟಾ. ಅನುಮಾನ ಬಂದರೆ ಎರಡು ಬೆರಳಲ್ಲಿ ಮೆಲ್ಲಗೆ ಮಡಚಿ: ಪಲ್ಯ ಇಟ್ಟು ಮೆತ್ತನ ರೊಟ್ಟಿ ಮಡಚಿದಂತೆ ಅಂಚುಗಳು ಒಳಕ್ಕೆ ಸೇರಿದರೆ ಸರಿ, ಹೊರಕ್ಕೆ ಹೊರಳಿದರೆ ಉಲ್ಟಾ. ಹರಿದಿದೆಯಾ, ಕಸ ಇದೆಯಾ ಅಂತಲೂ ನೋಡಿ. ಸಣ್ಣ ಹರಕಿದ್ದರೂ ಬಿಸಾಡಿ.

4. ಅದೇ ಕೈಯ ನಡುಬೆರಳಿನಿಂದ ಕೆಳರೆಪ್ಪೆ ಕೆಳಕ್ಕೆ ಎಳೆಯಿರಿ. ಇನ್ನೊಂದು ಕೈಯಿಂದ ಮೇಲಿನ ರೆಪ್ಪೆಯನ್ನು ಕೂದಲಿನ ಬುಡದಲ್ಲೇ ಹಿಡಿದು ಮೇಲಕ್ಕೆತ್ತಿ. ಬಹಳ ಮಂದಿ ಹುಬ್ಬಿನ ಹತ್ತಿರ ಹಿಡೀತಾರೆ. ಹಂಗೆ ಹಿಡಿದರೆ ರೆಪ್ಪೆ ಬಡಿದೇ ಬಡಿಯುತ್ತದೆ.

5. ಕನ್ನಡಿಯಲ್ಲಿ ನೇರ ನೋಡುತ್ತಾ ಲೆನ್ಸನ್ನು ಮೆಲ್ಲಗೆ ಕಣ್ಣಿಗೆ ತಾಗಿಸಿ. ಹೆದರಿಕೆ ಆದರೆ ಮೇಲಕ್ಕೆ ನೋಡಿ, ಕೆಳಗಿನ ಬಿಳಿ ಭಾಗದ ಮೇಲಿಡಿ. ಒತ್ತಬೇಡಿ. ಕಣ್ಣು ಒದ್ದೆ ಇದೆ, ಬೆರಳು ಒಣಗಿದೆ, ಲೆನ್ಸ್ ತಾನಾಗಿಯೇ ಕಣ್ಣಿನ ಕಡೆ ಹೋಗುತ್ತದೆ.

6. ಬೆರಳು ತೆಗೆದು, ನಿಧಾನವಾಗಿ ಕೆಳಕ್ಕೆ ನೋಡಿ. ಮೊದಲು ಕೆಳರೆಪ್ಪೆ, ಆಮೇಲೆ ಮೇಲಿನ ರೆಪ್ಪೆ ಬಿಡಿ. ಕಣ್ಣು ಮುಚ್ಚಿ ಒಂದು ಕ್ಷಣ ಬಿಟ್ಟು ತೆರೆಯಿರಿ. ಗಟ್ಟಿಯಾಗಿ ಹಿಂಡಬೇಡಿ.

ಸರಿಯಾಗಿ ಕೂತ ಲೆನ್ಸ್ ಸ್ವಲ್ಪ ಹೊತ್ತಿಗೆ ಇದೆ ಅನ್ನೋದೇ ಮರೆಯುತ್ತದೆ. ಚುಚ್ಚಿದರೆ, ಉರಿದರೆ, ಮಬ್ಬಾಗಿ ಕಂಡರೆ ತೆಗೆದು ಸೊಲ್ಯೂಷನ್‌ನಲ್ಲಿ ತೊಳೆದು ಮತ್ತೆ ಹಾಕಿ. ಮತ್ತೂ ಹಾಗೇ ಇದ್ದರೆ ಅವತ್ತು ಕನ್ನಡಕದ ದಿನ. ಮೊದಲ ದಿನವೇ ಎಂಟು ಗಂಟೆ ಹಾಕಬೇಡಿ, ಡಾಕ್ಟರ್ ಹೇಳಿದಂತೆ ಕೆಲವು ಗಂಟೆಯಿಂದ ಶುರು ಮಾಡಿ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ತೆಗೆಯುವ ಕ್ರಮ

ಇದನ್ನು ಎರಡು ಸಲ ಓದಿ.

1. ಕೈ ತೊಳೆದು ಒರೆಸಿ. ತೆಗೆಯುವಾಗಲೂ ಇದು ಬೇಕು.

2. ಲೆನ್ಸ್ ಕಣ್ಣಿನಲ್ಲಿ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಒಂದು ಕಣ್ಣು ಮುಚ್ಚಿ ಗೋಡೆ ಗಡಿಯಾರ ನೋಡಿ. ಸ್ಪಷ್ಟವಾಗಿ ಕಂಡರೆ ಇದೆ. ಲೆನ್ಸ್ ಯಾವಾಗಲೋ ಬಿದ್ದುಹೋಗಿರುತ್ತದೆ, ಗೊತ್ತಿಲ್ಲದೆ ಚಿವುಟುತ್ತಾ ಕೂತರೆ ಚಿವುಟುತ್ತಿರೋದು ನಿಮ್ಮ ಕಣ್ಣನ್ನೇ. ಕಾರ್ನಿಯಾ ಗೀರಿಹೋಗುವುದು ಹೀಗೆ.

3. ಗದ್ದ ಸ್ವಲ್ಪ ಕೆಳಗೆ ಮಾಡಿ ಮೇಲಕ್ಕೆ ನೋಡಿ. ನಡುಬೆರಳಿನಿಂದ ಕೆಳರೆಪ್ಪೆ ಎಳೆಯಿರಿ. ತೋರುಬೆರಳಿನಿಂದ ಲೆನ್ಸಿನ ಕೆಳ ಅಂಚು ಮುಟ್ಟಿ, ಅದನ್ನು ಕೆಳಗಿನ ಬಿಳಿ ಭಾಗಕ್ಕೆ ಜಾರಿಸಿ.

4. ಅಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ಮೆತ್ತನೆಯ ಭಾಗದಿಂದ ಮೆಲ್ಲಗೆ ಹಿಡಿಯಿರಿ. ಉಗುರು ಬೇಡ. ಲೆನ್ಸ್ ಮಡಚಿ, ಗಾಳಿ ಒಳಹೋಗಿ, ಬಿಟ್ಟು ಬರುತ್ತದೆ.

ಕಾರ್ನಿಯಾ ಮೇಲೆ ಇದ್ದಾಗಲೇ ಚಿವುಟಬೇಡಿ, ಮೊದಲು ಬಿಳಿ ಭಾಗಕ್ಕೆ ಜಾರಿಸಿ. ಈ ಒಂದು ಹೆಜ್ಜೆ ಬಿಡುವವರೇ ಜಾಸ್ತಿ.

ಜಾರುತ್ತಿಲ್ಲ ಅಂದರೆ ಲೆನ್ಸ್ ಒಣಗಿದೆ ಅಂತ ಅರ್ಥ. ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಇದು ಸಾಮಾನ್ಯ, ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯೋದೇ ಕಡಿಮೆಯಾಗುತ್ತದೆ. ಬಲ ಹಾಕಬೇಡಿ. ಲೆನ್ಸ್‌ಗೆ ಅಂತಲೇ ಇರುವ ತೇವದ ಹನಿ ಕೆಲವು ಬಿಟ್ಟು, ಕಣ್ಣು ಮುಚ್ಚಿ, ಐದು ಹತ್ತು ನಿಮಿಷ ಕಾಯಿರಿ. ರೆಪ್ಪೆಯ ಮೇಲಿನಿಂದ ಬಹಳ ಮೆಲ್ಲಗೆ ನೀವಿ. ಲೆನ್ಸ್ ಅಲುಗಾಡಿದ ಮೇಲೆ ತೆಗೆಯಿರಿ. ಮೇಲಿನ ರೆಪ್ಪೆಯ ಕೆಳಗೆ ಸೇರಿದ್ದರೆ ಕೆಳಕ್ಕೆ ನೋಡುತ್ತಾ ರೆಪ್ಪೆ ಎತ್ತಿ ಹುಡುಕಿ. ಆದರೂ ಬರದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ರೂಮ್‌ಮೇಟ್ ಕೈಗೆ ಕಣ್ಣು ಕೊಡಬೇಡಿ.

ತೊಳೆಯೋದು: ನೀರು ಮಾತ್ರ ಬೇಡ

ತೆಗೆದ ಲೆನ್ಸನ್ನು ಅಂಗೈಯಲ್ಲಿಟ್ಟು, ಸೊಲ್ಯೂಷನ್ ಹಾಕಿ, ಬೆರಳಿನಿಂದ ಎರಡೂ ಕಡೆ ಇಪ್ಪತ್ತು ಸೆಕೆಂಡು ಮೆಲ್ಲಗೆ ಉಜ್ಜಿ, ಮತ್ತೆ ಸೊಲ್ಯೂಷನ್‌ನಿಂದ ತೊಳೆದು ಡಬ್ಬಿಯಲ್ಲಿಡಿ. ಡಬ್ಬಿಗೆ ದಿನಾ ಹೊಸ ಸೊಲ್ಯೂಷನ್. ನಿನ್ನೆಯದರ ಮೇಲೆ ಇವತ್ತಿನದು ಸುರಿಯೋದು ನಿನ್ನೆಯ ಸಾರಿಗೆ ಇವತ್ತಿನದು ಬೆರೆಸಿದಂತೆ. ಬೆಳಿಗ್ಗೆ ಡಬ್ಬಿ ಖಾಲಿ ಮಾಡಿ, ಸೊಲ್ಯೂಷನ್‌ನಲ್ಲೇ ತೊಳೆದು, ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಿ. ಬಾತ್‌ರೂಮಿನಲ್ಲಿ ಅಲ್ಲ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಿ.

ನಲ್ಲಿ ನೀರು, ಬೋರ್ ನೀರು, ಫಿಲ್ಟರ್ ನೀರು, ಬಾಟಲಿ ನೀರು ಯಾವುದೂ ಲೆನ್ಸಿಗೆ ತಾಗಬಾರದು. ಎರಡು ಕಾರಣ. ಕಣ್ಣೀರಿನಲ್ಲಿ ಉಪ್ಪು ಇದೆ, ಸಾದಾ ನೀರಿನಲ್ಲಿ ಅಷ್ಟಿಲ್ಲ. ಅದರಿಂದ ಲೆನ್ಸ್‌ನ ಆಕಾರ ಬದಲಾಗಿ ಕಣ್ಣಿಗೆ ಬಿಗಿಯಾಗಿ ಅಂಟಬಹುದು. ಎರಡನೆಯದು ಅಕಾಂತಮೀಬ ಎಂಬ ಏಕಕೋಶ ಜೀವಿ. ಅದು ಮಣ್ಣಿನಲ್ಲಿ, ಕೆರೆ ಹೊಳೆಯಲ್ಲಿ, ನಲ್ಲಿ ನೀರಿನಲ್ಲೂ ಇರುತ್ತದೆ. ಕುಡಿದರೆ ಸಾಮಾನ್ಯವಾಗಿ ಏನೂ ಆಗೋದಿಲ್ಲ, ಲೆನ್ಸ್‌ನ ಅಡಿಯಲ್ಲಿ ಸಿಕ್ಕಿಕೊಂಡರೆ ಕಾರ್ನಿಯಾ ತಿನ್ನುತ್ತದೆ. ಅಪರೂಪದ ರೋಗ, ಆದರೆ ಬಂದರೆ ಚಿಕಿತ್ಸೆ ತಿಂಗಳುಗಟ್ಟಲೆ. ಇದೇ ಕಾರಣಕ್ಕೆ ಸ್ನಾನಕ್ಕೆ ಮೊದಲು ಲೆನ್ಸ್ ತೆಗೆಯಿರಿ. ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮುಳುಗುವ ಪ್ಲಾನ್ ಇದ್ದರೆ ಕನ್ನಡಕದಲ್ಲೇ ಹೋಗಿ. ಉಗುಳು ಹಚ್ಚಿ ಲೆನ್ಸ್ ಒದ್ದೆ ಮಾಡೋದನ್ನೂ ನೋಡಿದ್ದೇವೆ. ದಯವಿಟ್ಟು ಬೇಡ.

ಹೈಡ್ರೋಜನ್ ಪೆರಾಕ್ಸೈಡ್ ಇರುವ ಸೊಲ್ಯೂಷನ್ ಬೇರೆ ಜಾತಿ. ಅದರದೇ ಡಬ್ಬಿಯಲ್ಲಿ, ಹೇಳಿದಷ್ಟು ಗಂಟೆ, ಸಾಮಾನ್ಯವಾಗಿ ಆರು ಗಂಟೆಯಾದರೂ ಇಟ್ಟು ತಟಸ್ಥವಾದ ಮೇಲಷ್ಟೇ ಲೆನ್ಸ್ ಹಾಕಬೇಕು. ನೇರ ಕಣ್ಣಿಗೆ ಹೋದರೆ ಸುಡುತ್ತದೆ. ಗೆಳೆಯರ ಬಾಟಲಿ ತೆಗೆದುಕೊಳ್ಳುವ ಮೊದಲು ಹೆಸರು ಓದಿ.

ತಿಂಗಳ ಲೆನ್ಸ್ ಅಂದರೆ ತೆರೆದ ದಿನದಿಂದ ಒಂದು ತಿಂಗಳು. ಮೂವತ್ತು ಸಲ ಹಾಕೋದು ಅಂತಲ್ಲ. ಡಬ್ಬಿಯ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿಡಿ.

ಕ್ಯಾಂಪಸ್‌ನಲ್ಲಿ

ವೆಲ್ಡಿಂಗ್ ಮಾಡುವಾಗ ಕಿಡಿಯ ಬೆಳಕಿಗೆ ಲೆನ್ಸ್ ಕಣ್ಣಿಗೆ ಅಂಟಿ, ತೆಗೆದಾಗ ಕಾರ್ನಿಯಾ ಸಮೇತ ಬಂತು ಅನ್ನೋ ಕಥೆ ವರ್ಕ್‌ಶಾಪ್‌ನಲ್ಲಿ ಪ್ರತಿ ಬ್ಯಾಚಿಗೂ ಕೇಳಿಸುತ್ತದೆ. ಇದು ಹಲವು ದಶಕಗಳಿಂದ ಜಗತ್ತಿನಾದ್ಯಂತ ಓಡಾಡುತ್ತಿರುವ ಗಾಳಿಸುದ್ದಿ, ನಿಜವಲ್ಲ. ನಿಜವಾದದ್ದು ಅತಿನೇರಳೆ ಕಿರಣ ಕಾರ್ನಿಯಾವನ್ನು ಸುಡೋದು. ಲೆನ್ಸ್ ಇದ್ದರೂ ಇಲ್ಲದಿದ್ದರೂ ಶೀಲ್ಡ್ ಬೇಕು. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಗಾಗಲ್ಸ್ ಕೂಡ ಹಾಗೇ. ಲೆನ್ಸ್ ಗಾಗಲ್ಸ್‌ಗೆ ಬದಲಿ ಅಲ್ಲ.

ಬಾಗಲಕೋಟೆಯ ಹೋಳಿ ನೋಡಿದವರಿಗೆ ಹೇಳಬೇಕಾಗಿಲ್ಲ, ಬಂಡಿಗಟ್ಟಲೆ ಬಣ್ಣದ ನೀರು ಬೀಳುತ್ತದೆ. ಅವತ್ತು ಲೆನ್ಸ್ ಬೇಡವೇ ಬೇಡ. ಊರಿಗೆ ಹೋದಾಗ ಜೋಳದ ರಾಶಿ, ಕಡಲೆ ರಾಶಿಯ ಧೂಳಿನಲ್ಲೂ ಬೇಡ. ಇಳಕಲ್‌ನಿಂದ ಬೆಂಗಳೂರಿಗೆ ರಾತ್ರಿ ಬಸ್ ಹತ್ತುವವರು ಬಸ್ ಹತ್ತುವ ಮೊದಲೇ ತೆಗೆದು ಕನ್ನಡಕ ಹಾಕಿಕೊಳ್ಳಿ, ಅಲುಗಾಡುವ ಸ್ಲೀಪರ್‌ನಲ್ಲಿ ತೆಗೆಯುವ ಸಾಹಸ ಬೇಡ. ಸೊಲ್ಯೂಷನ್ ಬಾಟಲಿಯನ್ನು ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಎಥ್ನಿಕ್ ಡೇ ದಿನ ಬಣ್ಣದ ಲೆನ್ಸ್ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ, ಇದು ಸೋಂಕನ್ನು ಕೈಯಾರೆ ಹಂಚಿದ ಹಾಗೆ. ಮೇಕಪ್ ಹಾಕುವವರು ಲೆನ್ಸ್ ಮೊದಲು ಹಾಕಿ ಮೇಕಪ್ ಆಮೇಲೆ, ತೆಗೆಯುವಾಗಲೂ ಲೆನ್ಸ್ ಮೊದಲು.

ಇನ್ನು ಇಂಟರ್ನಲ್ಸ್ ವಾರ. ಕಳೆದ ವರ್ಷ ನಮ್ಮ ಪಕ್ಕದ ರೂಮಿನ ಗೆಳೆಯ ಓದುತ್ತಾ ಓದುತ್ತಾ ಲೆನ್ಸ್ ಹಾಕಿಕೊಂಡೇ ಎರಡು ರಾತ್ರಿ ಮಲಗಿದ. ಮೂರನೆಯ ದಿನ ಒಂದು ಕಣ್ಣು ಕೆಂಪಗಾಗಿ, ಟ್ಯೂಬ್‌ಲೈಟ್ ನೋಡಿದರೂ ನೀರು ಸುರಿಯುತ್ತಿತ್ತು. ಧೂಳು ಹೋಗಿದೆ ಅಂತ ಅವನು, ಮೆಡಿಕಲ್ ಶಾಪಿನ ಹನಿ ಸಾಕು ಅಂತ ಇನ್ನೊಬ್ಬ. ಸೀನಿಯರ್ ಅಕ್ಕ ಒಬ್ಬರು "ಹುಚ್ಚರಂಗ ಮಾಡಬ್ಯಾಡ್ರಿ, ಈಗ್ಲೇ ಕರ್ಕೊಂಡ್ ಹೋಗ್ರಿ" ಅಂತ ಬೈದು ಕಳಿಸಿದರು. ಕಾರ್ನಿಯಾದಲ್ಲಿ ಹುಣ್ಣಾಗಿತ್ತು. ಮೊದಲೆರಡು ದಿನ ಗಂಟೆಗೊಮ್ಮೆ ಔಷಧದ ಹನಿ ಹಾಕಬೇಕು, ರಾತ್ರಿಯೂ ಸೇರಿ, ಅಂದರು. ನಾವು ನಾಲ್ಕು ಜನ ಪಾಳಿ ಹಚ್ಚಿ, ಮೊಬೈಲಿನಲ್ಲಿ ಅಲಾರಂ ಇಟ್ಟು, ಒಂದೊಂದು ಗಂಟೆಗೆ ಎದ್ದು ಹಾಕಿದೆವು. ಊರಿಂದ ಬಂದ ಅವನ ಅವ್ವ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು: "ಕನ್ನಡಕ ಏನ್ ಭಾರ ಆಗಿತ್ತೇನಪ್ಪಾ ನಿನಗ?" ಕಣ್ಣು ಉಳಿಯಿತು. ಹುಣ್ಣು ಅಂಚಿನಲ್ಲಿದ್ದದ್ದರಿಂದ ಕಲೆಯೂ ಅಂಚಿನಲ್ಲೇ ಉಳಿದಿದೆ. ನಡುವೆ ಆಗಿದ್ದರೆ ಆ ಕಲೆಯ ಮೂಲಕವೇ ಅವನು ಜಗತ್ತು ನೋಡಬೇಕಿತ್ತು.

ಯಾವಾಗ ಓಡಬೇಕು

ಲೆನ್ಸ್ ಹಾಕುವವರ ಕಣ್ಣು ಕೆಂಪಗಾಗಿ, ನೋವಿದ್ದು, ಬೆಳಕು ಸಹಿಸದೆ, ಮಬ್ಬಾಗಿ, ಅಥವಾ ಕೀವಿನಂತೆ ಪಿಸುರು ಬಂದರೆ ಮೊದಲು ಲೆನ್ಸ್ ತೆಗೆಯಿರಿ. ಮತ್ತೆ ಹಾಕಬೇಡಿ. ಬಿಸಾಡಲೂ ಬೇಡಿ: ಲೆನ್ಸ್ ಮತ್ತು ಡಬ್ಬಿ ಎರಡನ್ನೂ ಡಾಕ್ಟರ್ ಹತ್ತಿರ ಒಯ್ಯಿರಿ, ಯಾವ ಕ್ರಿಮಿ ಅಂತ ಪರೀಕ್ಷಿಸಲು ಅದು ಬೇಕಾಗಬಹುದು. ಅಂಗಡಿಯಿಂದ ಹನಿ ತಂದು ಹಾಕಬೇಡಿ. ಸ್ಟೀರಾಯ್ಡ್ ಇರುವ ಹನಿ ಕೆಂಪನ್ನು ಇಳಿಸಿ ಸೋಂಕನ್ನು ಬೆಳೆಸಬಹುದು. ಹರಳೆಣ್ಣೆ, ಜೇನುತುಪ್ಪವೂ ಬೇಡ. ಅವತ್ತೇ ಹೋಗಿ, ನಾಳೆ ಅನ್ನಬೇಡಿ.

ನಮ್ಮ ಜಿಲ್ಲೆಯವರಿಗೆ ಕಣ್ಣಿನ ಡಾಕ್ಟರ್ ಅಂದರೆ ಹೊಸಬರಲ್ಲ. ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿಗೆ ಕಣ್ಣಿನ ಶಿಬಿರ ಒಯ್ದು ಲಕ್ಷಾಂತರ ಜನರ ಪೊರೆ ತೆಗೆದರು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಡಾಕ್ಟರೇ ಊರಿಗೆ ಬರಬೇಕಿತ್ತು. ನಮಗೆ ಆಸ್ಪತ್ರೆ ಒಂದು ಆಟೋ ದೂರ. ತಡ ಮಾಡೋಕೆ ನೆಪವಿಲ್ಲ.

ಕಾರ್ನಿಯಾ ಹಾಳಾದರೆ ಅಂಗಡಿಯಲ್ಲಿ ಸಿಗೋದಿಲ್ಲ. ಸತ್ತವರೊಬ್ಬರು ಕೊಟ್ಟರೆ ಮಾತ್ರ ಸಿಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕುಟುಂಬದವರು ಕಣ್ಣು ದಾನ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಅಂತ ಬೇರ್ಪಡಿಸಿ ನಾಲ್ವರಿಗೆ ಹಾಕಿದರು. ಅರ್ಧ ಮಿ.ಮೀ. ಪೊರೆಯನ್ನು ಸೀಳಿ ಹಂಚಿಕೊಳ್ಳುವಷ್ಟು ಅದು ಅಪರೂಪ. ನಮ್ಮದು ಈಗಾಗಲೇ ನಮ್ಮ ಹತ್ತಿರ ಇದೆ, ಪುಕ್ಕಟೆ.

ಆದ್ದರಿಂದ ಲೆನ್ಸ್ ತಂದ ದಿನ ಕನ್ನಡಕ ಪೆಟ್ಟಿಗೆಯ ತಳಕ್ಕೆ ಹಾಕಬೇಡಿ. ಈಗಿನ ನಂಬರಿನ ಕನ್ನಡಕ ಒಂದು ದಿಂಬಿನ ಪಕ್ಕದಲ್ಲೇ ಇರಲಿ. ಕನ್ನಡಕ ಕೈಗೆಟುಕುವಲ್ಲಿ ಇದ್ದವರಿಗೆ ಲೆನ್ಸ್ ತೆಗೆಯೋಕೆ ಮನಸ್ಸು ಬರುತ್ತದೆ. ಇವತ್ತು ರಾತ್ರಿ ಮೆಸ್ ಗಂಟೆ ಹೊಡೆಯುವ ಮೊದಲು ಒಂದು ಸಲ ಕೇಳಿಕೊಳ್ಳಿ, ಪಕ್ಕದ ರೂಮಿನವರನ್ನೂ ಕೇಳಿ: "ಲೆನ್ಸ್ ತೆಗೆದ್ಯಾ?"